ಇಂಜಿನ್ನಿನ ಮಾಜಿ ಆಯಿಲ್ ಸೀಲ್ ಅವರಿಗೆ, ಅಮ್ಮನ ಡ್ರೈವಿಂಗ್ ಪರೀಕ್ಷೆಯ ವಿಷಯವಾಗಿ

ಮಾನ್ಯರೇ,

ಇಂಜಿನ್ನಿನ ಒಳಗಿನದು ಒಳಗೂ ಹೊರಗಿನದು ಹೊರಗೂ ಇರುವಂತೆ ನೋಡಿಕೊಳ್ಳುವ ಘನವಾದ ಹೊಣೆಯನ್ನು ಹೊತ್ತು, ಬಹುಕಾಲ ಅದನ್ನು ಯಾರಿಗೂ ಕಾಣದ ಜಾಗದಲ್ಲಿ ಕುಳಿತು ನಿಭಾಯಿಸಿ, ಆಮೇಲೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಕೇಳದೆ ಅದನ್ನು ಕೈಬಿಟ್ಟ ತಮ್ಮ ಪಾದಗಳಿಗೆ ವಂದಿಸಿ, ತಮಗೆ ಪಾದಗಳಿಲ್ಲವೆಂಬುದು ಈಗಷ್ಟೇ ಗಮನಕ್ಕೆ ಬಂದದ್ದರಿಂದ ಆ ವಂದನೆಯನ್ನು ತಮ್ಮ ತುಟಿಗೆ ವರ್ಗಾಯಿಸಿ, ಈ ಬಹಿರಂಗ ಪತ್ರವನ್ನು ಬರೆಯಲು ಕುಳಿತಿದ್ದೇನೆ.

ತಮ್ಮ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ತಾವು ಚಿಕ್ಕ ಮಕ್ಕಳ ಬಳೆಯಷ್ಟು ಅಗಲದ ಒಂದು ಉಂಗುರ; ಹೊರಗೆ ಲೋಹದ ಅಂಚು, ಒಳಗೆ ರಬ್ಬರಿನ ತುಟಿ. ಇಂಜಿನ್ನಿನ ಒಳಗಿಂದ ತಿರುಗುತ್ತಾ ಹೊರಗೆ ಬರುವ ದಪ್ಪ ಕಬ್ಬಿಣದ ದಂಡವೊಂದಿದೆಯಂತೆ. ಆ ದಂಡವನ್ನು ತುಟಿಯಿಂದ ಹಿಡಿದುಕೊಂಡು, ನೀನು ಬೇಕಾದರೆ ತಿರುಗು, ಆದರೆ ನಿನ್ನ ಬೆನ್ನು ಹತ್ತಿ ಎಣ್ಣೆ ಮಾತ್ರ ಹೊರಗೆ ಬರಕೂಡದು ಎಂದು ತಡೆಯುವುದೊಂದೇ ತಮ್ಮ ಉದ್ಯೋಗ. ಬಡ್ತಿಯಿಲ್ಲ, ವರ್ಗಾವಣೆಯಿಲ್ಲ, ಮೇಲಧಿಕಾರಿಯ ಕಿರುಕುಳವಿಲ್ಲ. ಇಷ್ಟು ನೆಮ್ಮದಿಯ ಕೆಲಸವನ್ನು ಕೂಡ ತಾವು ಬಿಟ್ಟಿರಿ ಎಂದರೆ, ತಮ್ಮ ವೈರಾಗ್ಯಕ್ಕೆ ತಲೆದೂಗಲೇಬೇಕು.

ಈ ಪತ್ರ ಬರೆಯುವಾಗ ತಾವು ನನ್ನ ಮೇಜಿನ ಮೇಲೆ, ಗಾಜಿನ ಡಬ್ಬಿಯೊಂದರಲ್ಲಿ, ಮುಚ್ಚಳ ಬಿಗಿಸಿಕೊಂಡು ವಿಶ್ರಾಂತಿ ಪಡೆಯುತ್ತಿದ್ದೀರಿ. ಡಬ್ಬಿಗೆ ಮುಚ್ಚಳ ಬಿಗಿಸಿದ್ದು ಅಪ್ಪ. ಅಪ್ಪ ಔಷಧಿ ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಮುಚ್ಚಳಗಳ ವಿಭಾಗದ ಮೇಲ್ವಿಚಾರಕರು. ಯಾವ ಬಾಟಲಿಯೂ ಬಾಯಿ ತೆರೆದುಕೊಂಡು ಗೇಟು ದಾಟದಂತೆ ನೋಡಿಕೊಳ್ಳುವುದು ಅವರ ಕೆಲಸ, ಮತ್ತು ಆ ಕೆಲಸ ಸಂಜೆ ಅವರ ಜೊತೆಯಲ್ಲೇ ಮನೆಗೆ ಬರುತ್ತದೆ. ನಮ್ಮ ಮನೆಯಲ್ಲಿ ಪೆನ್ನಿನ ಕ್ಯಾಪು ತೆಗೆದು ಯೋಚನೆ ಮಾಡುತ್ತಾ ಕೂರುವ ಹಾಗಿಲ್ಲ. ಯೋಚನೆ ಮುಗಿಯುವಷ್ಟರಲ್ಲಿ ಪೆನ್ನು ಮುಚ್ಚಿರುತ್ತದೆ. ಉಪ್ಪಿನ ಡಬ್ಬ ತೆರೆದು ಚಮಚ ಹುಡುಕಲು ತಿರುಗಿದರೆ ಡಬ್ಬ ಮುಚ್ಚಿರುತ್ತದೆ. ನಾನು ಆಕಳಿಸುವಾಗಲೂ ಅವರ ಕೈ ಸ್ವಲ್ಪ ಮೇಲೇಳುವುದನ್ನು ನೋಡಿದ್ದೇನೆ. ಇಂಥವರ ಮನೆಯ ಕಾರಿನಲ್ಲಿ ಕುಳಿತು ತಾವು ಸೋರಿದಿರಿ. ತಮ್ಮ ಎದೆಗಾರಿಕೆ ದೊಡ್ಡದು.

ತಮ್ಮ ಕಲಾಸೇವೆಯನ್ನು ಮೊದಲು ಸ್ಮರಿಸುತ್ತೇನೆ. ಮೊದಲ ದಿನ ಕಾರು ನಿಲ್ಲಿಸುವ ಜಾಗದಲ್ಲಿ ತಾವು ಬಿಡಿಸಿದ್ದು ಒಂದು ಸಾಧಾರಣ ಚುಕ್ಕೆ. ಕಲಾವಿದರ ಆರಂಭದ ಕೃತಿಗಳು ಹಾಗೆಯೇ ಇರುತ್ತವೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಬರುಬರುತ್ತಾ ತಮ್ಮ ಕೈ ಪಳಗಿತು. ಒಂದು ದಿನ ಕೂತ ಬೆಕ್ಕು, ಇನ್ನೊಂದು ದಿನ ನಿಂತ ಬಾತುಕೋಳಿ, ಮತ್ತೊಂದು ದಿನ ಎದುರುಮನೆ ಆಂಟಿಯ ಪಕ್ಕನೋಟ. ನಾನು ಪ್ರತಿಯೊಂದರ ಸುತ್ತ ಸೀಮೆಸುಣ್ಣದಿಂದ ಚೌಕಟ್ಟು ಹಾಕಿ, ಕೆಳಗೆ ಶೀರ್ಷಿಕೆ ಬರೆದು, ‘ಕೃತಿಗಳನ್ನು ಮುಟ್ಟಬಾರದು’ ಎಂದು ಸೂಚನೆಯನ್ನೂ ಸೇರಿಸಿದ್ದೆ. ಆಂಟಿ ಬಂದು ಬೆಕ್ಕನ್ನು ಮೆಚ್ಚಿಕೊಂಡು, ಬಾತುಕೋಳಿಗೆ ನಕ್ಕು, ಮೂರನೆಯದರ ಮುಂದೆ ಬಹಳ ಹೊತ್ತು ನಿಂತು, ಆಮೇಲೆ ನಮ್ಮ ಮನೆಯವರೊಂದಿಗೆ ಸ್ವಲ್ಪ ಕಾಲ ಮಾತು ಬಿಟ್ಟರು. ಅಪ್ಪ ತಮ್ಮ ಕೃತಿಗಳ ಮೇಲೆ ಮರದ ಪುಡಿ ಸುರಿದು ಗುಡಿಸಿದರು, ಕಾರಿನ ಕೆಳಗೆ ಅಡುಗೆಮನೆಯ ಅಗಲವಾದ ಟ್ರೇ ಇಟ್ಟರು, ಮತ್ತು ಟ್ರೇ ಬಾಯಿ ತೆರೆದುಕೊಂಡಿರುವುದನ್ನು ನೋಡಲಾರದೆ ಅದರ ಮೇಲೊಂದು ರಟ್ಟು ಮುಚ್ಚಿದರು. ತಾವು ರಟ್ಟಿನ ಮೇಲೆಯೂ ಬಿಡಿಸಿದಿರಿ.

ಇಷ್ಟಾಗಿದ್ದರೆ ನಾನು ತಮ್ಮ ಮೇಲೆ ದೂರಲು ಹೋಗುತ್ತಿರಲಿಲ್ಲ, ಬದಲಿಗೆ ತಮ್ಮ ಅಭಿಮಾನಿ ಬಳಗ ಕಟ್ಟುತ್ತಿದ್ದೆ. ಆದರೆ ತಾವು ಕೈ ಹಾಕಿದ್ದು ನಮ್ಮ ಅಮ್ಮನ ವಿಷಯಕ್ಕೆ.

ಅಮ್ಮ ಪರದೆ ಹೊಲಿಯುತ್ತಾರೆ. ಮನೆಮನೆಗೆ ಹೋಗಿ ಕಿಟಕಿ ಅಳೆದು, ಬಟ್ಟೆ ತೋರಿಸಿ, ಹೊಲಿದು, ತಾವೇ ಏಣಿ ಹತ್ತಿ ಸರಳುಗಳಿಗೆ ಪೋಣಿಸಿ ಕಟ್ಟಿ ಬರುತ್ತಾರೆ. ಬಟ್ಟೆಯ ಗಂಟು, ಉದ್ದುದ್ದ ಸರಳು, ಏಣಿ ಎಲ್ಲಕ್ಕೂ ಕಾರೇ ಬೇಕು, ಮತ್ತು ಕಾರು ಎಂದರೆ ಅಪ್ಪ. ಅಪ್ಪ ಬಿಡುವಾದಾಗ ಕರೆದುಕೊಂಡು ಹೋಗುತ್ತಾರೆ, ಅದರಲ್ಲಿ ದೋಷವಿಲ್ಲ. ಆದರೆ ಅಮ್ಮ ಒಳಗೆ ನೀಲಿ ಬಟ್ಟೆ ಬೇಕೋ ಬೂದು ಬಣ್ಣದ್ದು ಬೇಕೋ ಎಂದು ಮನೆಯೊಡತಿಗೆ ಬೆಳಕಿಗೆ ಹಿಡಿದು ತೋರಿಸುತ್ತಿರುವಾಗ ಹೊರಗೆ ಹಾರ್ನ್ ಆಗುತ್ತದೆ. ಒಂದು ಸಲ ಹಾರ್ನಿಗೆ ಹೆದರಿ ಒಬ್ಬರು ಮನೆಗೆಲ್ಲಾ ಕಡುಗೆಂಪು ಪರದೆ ಆರಿಸಿಬಿಟ್ಟರಂತೆ, ಇವತ್ತಿಗೂ ಅವರ ಮನೆಯಲ್ಲಿ ಹಗಲು ಹೊತ್ತೂ ಸಂಜೆಯಾದ ಹಾಗಿದೆಯಂತೆ. ಆದ್ದರಿಂದ ಅಮ್ಮ ತಾವೇ ಕಾರು ಕಲಿಯಲು ಹೊರಟರು. ನಾನಿರುವಾಗ ನಿನಗ್ಯಾಕೆ ಆ ತೊಂದರೆ ಎಂದು ಅಪ್ಪ ಆ ಮಾತಿಗೂ ಒಂದು ಮುಚ್ಚಳ ಹಾಕಲು ನೋಡಿದರು. ಅದು ಹೊಂದಲಿಲ್ಲ.

ಪಕ್ಕದ ಸೀಟಿನಲ್ಲಿ ಅಪ್ಪ ಕುಳಿತು, ಅಲ್ಲಿ ಇಲ್ಲದ ಬ್ರೇಕನ್ನು ತುಳಿದು ತುಳಿದು ಮ್ಯಾಟಿನಲ್ಲಿ ಗುಂಡಿ ಮಾಡಿದರೂ ಅಮ್ಮ ಕಲಿತರು. ಕಲಿಯುವವರ ಪರವಾನಗಿಯ ಅವಧಿ ಮುಗಿಯುತ್ತಾ ಬಂದಾಗ ಪರೀಕ್ಷೆಗೆ ಹೋದರು. ಮೈದಾನದಲ್ಲಿ ಕಂಬಗಳ ನಡುವೆ ಹಿಂದಕ್ಕೆ ಬಂದದ್ದನ್ನು ನೋಡಿದರೆ ಸೂಜಿಗೆ ದಾರ ಪೋಣಿಸಿದ ಹಾಗಿತ್ತು. ಇಳಿಜಾರಿನಲ್ಲಿ ಕಾರು ಒಂದಿಷ್ಟೂ ಜಾರಲಿಲ್ಲ. ಆಗ ಪರೀಕ್ಷಾಧಿಕಾರಿಗಳು ಬಗ್ಗಿ ನೆಲ ನೋಡಿದರು. ಕಾರು ಹೋದಲ್ಲೆಲ್ಲಾ ತಾವು ಹನಿ ಹನಿಯಾಗಿ ಚುಕ್ಕೆಯಿಟ್ಟುಕೊಂಡು ಬಂದಿದ್ದಿರಿ.

“ಗಾಡಿ ಚೆನ್ನಾಗಿ ಓಡಿಸ್ತೀರಮ್ಮ. ಆದ್ರೆ ನಿಮ್ಮ ಹಿಂದೆ ಬೈಕ್ ಪರೀಕ್ಷೆಗೆ ಹುಡುಗರು ಬರ್ತಾರೆ, ಒಬ್ಬೊಬ್ಬರೇ ಜಾರಿ ಬೀಳ್ತಾರೆ,” ಎಂದು ಅವರು ಹೇಳಿ, ಸೋರದ ಗಾಡಿ ತಂದರೆ ಮಾತ್ರ ಇನ್ನೊಂದು ಅವಕಾಶ ಎಂದು ಪರವಾನಗಿಯ ಅವಧಿ ಮುಗಿಯುವ ವಾರಕ್ಕೇ ದಿನ ಕೊಟ್ಟರು. ಆ ದಿನ ತಪ್ಪಿದರೆ ಮತ್ತೆ ಮೊದಲಿಂದ ಶುರು. ಬೇರೆ ಕಾರು ತೆಗೆದುಕೊಂಡು ಹೋಗೋಣವೆಂದರೆ ಅಮ್ಮ ಇದೊಂದರ ಕ್ಲಚ್ಚು ಮಾತ್ರ ಬಲ್ಲರು. ವಾಪಸು ಬರುವಾಗ ಅಮ್ಮ ಹೇಳಿದ್ದು ಇಷ್ಟೇ: “ಇನ್ನೊಂದು ಸಲ ಮೊದಲಿಂದ ಶುರು ಮಾಡೋಕೆ ನನ್ನ ಕೈಲಾಗಲ್ಲ.” ಬೈಯಲಿಲ್ಲ, ಅಳಲಿಲ್ಲ. ಮಾನ್ಯರೇ, ನಮ್ಮ ಅಮ್ಮ ಬೈಯದೆ ಇದ್ದರೆ ನಾವು ಹೆದರಬೇಕು.

ಆಮೇಲೆ ತಮ್ಮನ್ನು ಹುದ್ದೆಯಿಂದ ಇಳಿಸಲಾಯಿತು. ಇಳಿಸಿದ್ದು ಅಮ್ಮನ ತಮ್ಮ, ನನ್ನ ಮಾವ, ರಸ್ತೆಯ ಕೊನೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವವರು. ಅಪ್ಪನಿಗೂ ಮಾವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮಾವ ನಟ್ಟು ಬೋಲ್ಟುಗಳನ್ನು ತೆರೆದ ತಟ್ಟೆಯಲ್ಲಿ ಹರಡಿಕೊಂಡು ಕೆಲಸ ಮಾಡುತ್ತಾರೆ ಎಂಬುದೇ ಇಬ್ಬರ ನಡುವಿನ ಮೂಲ ವಿವಾದ. ಬೆಲ್ಟು ಬಿಚ್ಚಿ, ಪಾನಾಕ್ಕೆ ಉದ್ದನೆಯ ಪೈಪು ಸೇರಿಸಿ ತೂಗಿ ತೂಗಿ ದಂಡದ ತುದಿಯ ಚಕ್ರವಾದ ಪುಲ್ಲಿಯ ಬೋಲ್ಟು ಸಡಿಲಿಸಿ, ಪುಲ್ಲಿ ಎಳೆದು, ಅದರ ಹಿಂದೆ ತಾವು ಕಪ್ಪಗೆ ಮಿರಿಮಿರಿ ಮಿಂಚುತ್ತಾ ಕುಳಿತಿದ್ದನ್ನು ಮಾವ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದರು. ತುಟಿ ಗಟ್ಟಿಯಾಗಿದೆ, ಸವೆದಿದೆ, ಪಾಪ ವಯಸ್ಸಾಗಿತ್ತು ಎಂದು ಮರಣೋತ್ತರ ವರದಿಯನ್ನೂ ಕೊಟ್ಟರು. ಹೊಸಬರು ತಮ್ಮ ಜಾಗದಲ್ಲಿ ಅಧಿಕಾರ ವಹಿಸಿಕೊಂಡರು. ಮನೆಯಲ್ಲಿ ಟ್ರೇ ತೊಳೆದು ಮತ್ತೆ ಅಡುಗೆಮನೆಗೆ ಸೇರಿಸಿದೆವು.

ವಾರ ತುಂಬುವ ಮೊದಲೇ ನೆಲದ ಮೇಲೆ ಬೆಕ್ಕು ಬಂದು ಕೂತಿತು.

ಆ ಹೊಸಬರಿಗೆ ಯಾವ ಹುಳುಕೂ ಇರಲಿಲ್ಲ ಎನ್ನುತ್ತಾರೆ ಮಾವ. ಮಾವ ಕೂರಿಸಿದ್ದೇ ಸರಿಯಿಲ್ಲ ಎನ್ನುತ್ತಾರೆ ಅಪ್ಪ. ನನಗನ್ನಿಸುವಂತೆ ತಾವೇ ಹೊರಡುವ ಮುನ್ನ ಅವರಿಗೆ ಕಿವಿಯಲ್ಲಿ ಏನೋ ಊದಿ ಹೋಗಿದ್ದೀರಿ. ಆದ್ದರಿಂದ ತಮಗೂ ತಮ್ಮ ಈ ಶಿಷ್ಯರಿಗೂ ನನ್ನ ಬೇಡಿಕೆಗಳು ಹೀಗಿವೆ. ಸೋರಲೇಬೇಕೆಂದಿದ್ದರೆ ಮುಂಚಿತವಾಗಿ ರಜಾ ಅರ್ಜಿ ಕೊಟ್ಟು ಸೋರಬೇಕು. ಅಪ್ಪ ಕಾರ್ಖಾನೆಯಲ್ಲಿರುವಾಗ ಮಾತ್ರ ಸೋರಿ, ಅವರು ಗೇಟು ತೆರೆಯುವ ಸದ್ದು ಕೇಳಿದ ಕೂಡಲೇ ಬಿಟ್ಟ ಹನಿಗಳನ್ನು ವಾಪಸು ಹೀರಿಕೊಳ್ಳಬೇಕು. ಪರೀಕ್ಷಾ ಮೈದಾನದಲ್ಲಿ ಉಸಿರು ಬಿಗಿಹಿಡಿದಿರಬೇಕು. ಇದಾವುದೂ ಆಗದಿದ್ದರೆ, ಕೊನೇಪಕ್ಷ ತಾವು ಇಂಜಿನ್ ಎಣ್ಣೆಯ ಬದಲು ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯನ್ನಾದರೂ ಸೋರಿದರೆ ಅಮ್ಮನಿಗೆ ಅಷ್ಟರಮಟ್ಟಿಗೆ ಉಪಕಾರವಾಗುತ್ತದೆ.

ಮಾನ್ಯರೇ, ಇಲ್ಲಿಯವರೆಗಿನ ಪತ್ರವನ್ನು ನಾನು ಶನಿವಾರ ಬರೆದು, ಸಹಿ ಹಾಕುವ ಗಾಂಭೀರ್ಯ ನಾಳೆಗಿರಲೆಂದು ಬಿಟ್ಟಿದ್ದೆ. ಭಾನುವಾರವೂ ಆಮೇಲೂ ನಡೆದದ್ದನ್ನು ನೋಡಿದ ಮೇಲೆ ಮೇಲಿನ ಕೆಲವು ಬಿರುನುಡಿಗಳನ್ನು ಹೊಡೆದುಹಾಕಬೇಕಿತ್ತು. ಆದರೆ ಚೆನ್ನಾಗಿ ಬಂದಿವೆಯಾದ್ದರಿಂದ ಹಾಗೇ ಇರಲಿ.

ಭಾನುವಾರ ಮಾವ ಇನ್ನೊಂದು ಹೊಸ ಸೀಲ್ ಹಿಡಿದುಕೊಂಡು ಮನೆಗೇ ಬಂದರು. ಕಾರು ರಸ್ತೆಗಿಳಿದರೆ ಬೀದಿಯುದ್ದಕ್ಕೂ ಚುಕ್ಕೆಯಿಡುತ್ತದೆಂದು ಅಮ್ಮನೇ ಹೊರಗೆ ಬಿಟ್ಟಿರಲಿಲ್ಲ. ಅಪ್ಪ ಕೈಕಟ್ಟಿ ನಿಂತು, ಈ ಸಲವಾದರೂ ಅಚ್ಚುಕಟ್ಟಾಗಿ ಆಗುತ್ತದೋ ನೋಡೋಣ ಎಂದು ಆಕಾಶಕ್ಕೆ ಹೇಳಿದರು. ಮಾವ ಆಕಾಶಕ್ಕೇ ಉತ್ತರ ಕೊಟ್ಟರು. ಪುಲ್ಲಿ ಬಂತು, ಹಳೆಯದನ್ನು ಮೀಟಿದ್ದಾಯಿತು. ಹೊಸದನ್ನು ಒಳಗೆ ಜಾರಿಸುವ ಹೊತ್ತಿಗೆ ಮಾವ ಕೈ ತಡೆದರು: ದಂಡದ ತುದಿಯ ಅಂಚಿಗೆ ತಗುಲಿ ರಬ್ಬರಿನ ತುಟಿ ಹೋದ ಸಲ ಮಡಚಿಕೊಂಡಿತ್ತೋ ಏನೋ ಎಂಬ ಅನುಮಾನ ಅಪ್ಪನ ಮಾತಿನಿಂದ ಅವರಿಗೂ ಹತ್ತಿಬಿಟ್ಟಿತ್ತು. ಅಮ್ಮ ಒಳಗೆ ಹೋಗಿ ತೆಳುವಾದ ಪ್ಲಾಸ್ಟಿಕ್ ಚೀಲದ ಒಂದು ತುಂಡು ಕತ್ತರಿಸಿ ತಂದು, ದಂಡದ ತುದಿಗೆ ಟೋಪಿಯ ಹಾಗೆ ಸುತ್ತಿದರು. ಸರಳಿನ ಚೂಪು ತುದಿಗೆ ಪರದೆಯ ಬಟ್ಟೆ ಸಿಕ್ಕಿಕೊಳ್ಳದಿರಲೆಂದು ಅವರು ದಿನಾ ಮಾಡುವ ಕೆಲಸ ಅದು. ಸೀಲ್ ಪ್ಲಾಸ್ಟಿಕ್ಕಿನ ಮೇಲೆ ನುಣ್ಣಗೆ ಜಾರಿ ತನ್ನ ಜಾಗಕ್ಕೆ ಹೋಯಿತು, ಅಮ್ಮ ಪ್ಲಾಸ್ಟಿಕ್ಕನ್ನು ಎಳೆದು ತೆಗೆದರು. ಇದನ್ನು ಮೊದಲೇ ಹೇಳಬಾರದಿತ್ತಾ ಅಕ್ಕ ಎಂದು ಮಾವ ಕೇಳಿದರೆ, ನೀನು ಮೊದಲೇ ಕೇಳಬಾರದಿತ್ತಾ ಎಂದರು ಅಮ್ಮ. ಅಕ್ಕ ತಮ್ಮ ಇಬ್ಬರೂ ಖುಷಿಯಾಗಿದ್ದರು. ಅದಕ್ಕೇ ಅಪ್ಪ ಕೆಮ್ಮಿದರು.

ಎಲ್ಲ ಜೋಡಿಸಿದ ಮೇಲೆ ಎಣ್ಣೆ ಎಷ್ಟಿದೆ ನೋಡೋಣವೆಂದು ಮಾವ ಇಂಜಿನ್ನಿನ ಪಕ್ಕದ ಅಳತೆಯ ಕಡ್ಡಿಗೆ ಕೈ ಹಾಕಿದರು. ಕಡ್ಡಿಗೆ ರಬ್ಬರ್ ಬ್ಯಾಂಡ್ ಕಟ್ಟಿತ್ತು. ಒಂದಲ್ಲ, ಜಡೆ ಹೆಣೆದ ಹಾಗೆ ಎರಡು. ಮಾವ ಅವನ್ನು ಬಿಚ್ಚಿ, ಎಣ್ಣೆ ನೋಡಿ, ಕಡ್ಡಿಯನ್ನು ಮತ್ತೆ ಒಳಗೆ ಒತ್ತಿ, ಇಂಜಿನ್ ಚಾಲೂ ಮಾಡಲು ಅಮ್ಮನಿಗೆ ಕೈ ತೋರಿಸಿದರು. ಇಂಜಿನ್ ಗುರುಗುಟ್ಟಿತು. ಕಡ್ಡಿ, ತರಗತಿಯ ಹಿಂದಿನ ಬೆಂಚಿನಲ್ಲಿ ಉತ್ತರ ಗೊತ್ತಿರುವ ಮಗುವಿನ ಹಾಗೆ, ಮೆಲ್ಲಗೆ ಎದ್ದು ನಿಂತಿತು. ಮಾವ ಒತ್ತಿದರು. ಮತ್ತೆ ಎದ್ದಿತು. ಇದಕ್ಕೆ ಬ್ಯಾಂಡ್ ಕಟ್ಟಿದ್ದು ಯಾರು ಎಂದು ಮಾವ ಕೇಳಿದಾಗ, ಅದು ಪದೇಪದೇ ಮೇಲೆ ಬರುತ್ತಿತ್ತು, ಹಾಗೆ ಬರಬಾರದು ಎಂದರು ಅಪ್ಪ. ಹೋದ ಸಲ ಗ್ಯಾರೇಜಿಗೆ ಕಳಿಸುವ ಮುನ್ನ ಅವರೇ ಅವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರಂತೆ, ಹೊರಗಿನವರ ಮುಂದೆ ಕಾರಿನ ಮರ್ಯಾದೆ ಹೋಗಬಾರದೆಂದು.

ಮಾವ ಇಂಜಿನ್ನಿನ ಹಿಂಬದಿಗೆ, ಕಣ್ಣಿಗೆ ಕಾಣದ ಸಂದಿಗೆ, ಮೊಣಕೈವರೆಗೂ ಕೈ ತೂರಿಸಿ ತಡಕಾಡಿದರು. ಏನನ್ನೋ ಹಿಡಿದು ಎಳೆದರು. ಇಂಜಿನ್ ‘ಬುಸ್ಸ್’ ಎಂದು, ಇಷ್ಟು ದಿನ ಯಾರೂ ಕೇಳಿರದಂಥ ನಿಟ್ಟುಸಿರು ಬಿಟ್ಟಿತು. ಎದ್ದುನಿಂತಿದ್ದ ಕಡ್ಡಿಯನ್ನು ಒತ್ತಿದರೆ ಈಗ ತೆಪ್ಪಗೆ ಕೂತಿತು. ಮಾವನ ಅಂಗೈಯಲ್ಲಿ ಬೂದು ಬಣ್ಣದ ರಬ್ಬರಿನ ಬಿರಡೆ ಇತ್ತು. ಔಷಧಿ ಬಾಟಲಿಗೆ ಹಾಕುವಂಥದ್ದು, ಕಾರ್ಖಾನೆಯ ಗುರುತಿನ ಸಮೇತ.

“ಭಾವ, ಇದು ನಿಮ್ದಾ?”

“ಪೈಪು ಬಿರಿದು ಉದುರಿಹೋಗಿತ್ತು. ಬಾಯಿ ತೆರ್ಕೊಂಡು ಹೊಗೆ ಬಿಡ್ತಾ ಇತ್ತು,” ಎಂದರು ಅಪ್ಪ. “ಮುಚ್ಚಿದೆ.”

ಆಮೇಲೆ ಮಾವ ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಇಂಜಿನ್ನಿಗೂ ಉಸಿರಾಡಲು ಒಂದು ದಾರಿ ಇದೆಯಂತೆ. ಒಳಗೆ ಕಟ್ಟಿಕೊಳ್ಳುವ ಗಾಳಿ ಅಲ್ಲಿಂದ ಹೊರಗೆ ಹೋಗಬೇಕಂತೆ. ಆ ದಾರಿಗೆ ಬಿರಡೆ ಬಿದ್ದರೆ ಗಾಳಿ ಒಳಗೊಳಗೇ ಊದಿಕೊಂಡು, ಮೊದಲು ಕಡ್ಡಿಯನ್ನು ಎಬ್ಬಿಸಿ, ಅದಕ್ಕೂ ರಬ್ಬರ್ ಬ್ಯಾಂಡ್ ಬಿದ್ದರೆ, ಎಲ್ಲಕ್ಕಿಂತ ಮೆತ್ತಗಿರುವವರ ತುಟಿಯನ್ನು ಒದ್ದು ಎಣ್ಣೆಯನ್ನು ಹೊರಗೆ ನೂಕುತ್ತದಂತೆ. ಆ ಮೆತ್ತಗಿರುವವರು ತಾವು. ಅಷ್ಟು ಒತ್ತಡ ಹೇರಿದರೆ ಹೊಚ್ಚಹೊಸಬರೂ ನಿಲ್ಲಲಾರರು. ಬೇರೆ ಯಾವ ಮನೆಯವರಾದರೂ ಆ ತೆರೆದ ಪೈಪನ್ನು ನೋಡದೆ ಬಿಡುತ್ತಿದ್ದರು, ಅಥವಾ ನೋಡಿ ಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಒಂದೆಳೆ ಗಾಳಿಯೂ ನುಸುಳದಷ್ಟು ಸರಿಯಾದ ಅಳತೆಯ ಬಿರಡೆ, ಅದೂ ಪರೀಕ್ಷೆಯಲ್ಲಿ ಪಾಸಾದದ್ದು, ಸಿದ್ಧವಾಗಿತ್ತು.

ಅಪ್ಪ ಬಿರಡೆಯನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಮಾವ ಗೆದ್ದ ಮುಖ ಮಾಡಲು ತಯಾರಾಗಿದ್ದರು, ಆದರೆ ಅಕ್ಕನ ಮುಖ ನೋಡಿ ಆ ಕೆಲಸವನ್ನು ಮುಂದೂಡಿದರು. ಅಮ್ಮ ಡ್ರೈವರ್ ಸೀಟಿನಿಂದ ಇಳಿಯದೆ, ಕಿಟಕಿಯಿಂದ ತಲೆ ಹೊರಹಾಕಿ ಹೇಳಿದರು: “ಸ್ವಲ್ಪ ಉಸಿರಾಡೋಕೆ ಬಿಡಿ ಅಂದ್ರೆ.” ಕಾರಿಗೆ ಹೇಳಿದರೆಂದೇ ನಾವೆಲ್ಲರೂ ಅಂದುಕೊಂಡೆವು. ಅಪ್ಪ ಮಾತ್ರ ಹ್ಞೂಂ ಎಂದರು. ಮಾವ ಹೊಸ ಪೈಪು ತಂದು ಹಾಕಿದರು. ಹಾಕುವಾಗ ಟಾರ್ಚು ಹಿಡಿದವರು ಅಪ್ಪ. ಭಾವ ಸ್ವಲ್ಪ ಎಡಕ್ಕೆ, ಭಾವ ಸ್ವಲ್ಪ ಮೇಲಕ್ಕೆ ಎಂದು ಮಾವ ಬೇಕೋ ಬೇಡವೋ ಬಹಳ ಹೊತ್ತು ಅವರಿಂದ ಟಾರ್ಚು ಹಿಡಿಸಿದರು.

ಪರೀಕ್ಷೆಯ ದಿನ ನಾನೂ ಜೊತೆಗೆ ಹೋದೆ. ಅಪ್ಪ ರಜೆ ಹಾಕಿ, ಇಸ್ತ್ರಿಯ ಶರ್ಟು ತೊಟ್ಟು, ಕಾರ್ಖಾನೆಯಿಂದ ತಂದ ದೊಡ್ಡ ಬಿಳಿ ಕಾಗದವೊಂದನ್ನು ಸುರುಳಿ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಅಮ್ಮ ಕಾರು ನಿಲ್ಲಿಸಿದ ಕಡೆಯೆಲ್ಲಾ ಓಡಿಹೋಗಿ ಕಾಗದವನ್ನು ಇಂಜಿನ್ನಿನ ಕೆಳಗೆ ಹಾಸಿ, ಕುಕ್ಕರುಗಾಲಲ್ಲಿ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣ್ಣೆಗಾಗಿ ಕಾದರು. ಇವರು ಯಾರು ಎಂದು ಪರೀಕ್ಷಾಧಿಕಾರಿಗಳು ವಿಚಾರಿಸಿದಾಗ, ನಮ್ಮನೆಯವರು, ಮುಚ್ಚಳದ ವಿಭಾಗ ಎಂದರು ಅಮ್ಮ. ಅಧಿಕಾರಿಗಳೂ ಬಗ್ಗಿದರು. ಗಂಡಸರಿಬ್ಬರು ಮೈದಾನದ ನಡುವೆ ಒಂದು ಬಿಳಿ ಕಾಗದವನ್ನು ದಿಟ್ಟಿಸುತ್ತಾ ಕುಳಿತಿರುವಾಗ, ಅಮ್ಮ ಸ್ಟೇರಿಂಗಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ಕಾಗದ ಬಿಳಿಯಾಗಿಯೇ ಉಳಿಯಿತು. ಅಮ್ಮ ಪಾಸಾದರು.

ಅಪ್ಪ ರೂಢಿಯಂತೆ ಬಂದು ಡ್ರೈವರ್ ಬಾಗಿಲಿಗೆ ಕೈ ಹಾಕಿದರೆ, ಒಳಗಿದ್ದವರು ಇಳಿಯುವ ಸೂಚನೆಯೇ ಇರಲಿಲ್ಲ. ಹಿಂದಿನ ಸೀಟಿನ ತುಂಬಾ ಪರದೆಯ ಗಂಟು, ಕಿಟಕಿಗೆ ತಗಲುವಷ್ಟು ಉದ್ದದ ಸರಳುಗಳು. ಬೆಳಿಗ್ಗೆಯೇ, ಪರೀಕ್ಷೆಗೆ ಮೊದಲೇ, ಅಮ್ಮ ಎಲ್ಲವನ್ನೂ ತುಂಬಿಟ್ಟಿದ್ದರು. “ನೀವಿಬ್ಬರೂ ಬಸ್ಸಲ್ಲಿ ಹೋಗಿ. ಪರದೆ ಕಟ್ಟೋ ಮನೇಲಿ ನನಗೆ ಹೊತ್ತಾಗುತ್ತೆ,” ಎಂದು ಹೇಳಿ ಅವರು ಹೊರಟರು. ಗೇಟಿನ ಹತ್ತಿರ ಒಂದೇ ಒಂದು ಸಲ, ಸಣ್ಣಗೆ, ಹಾರ್ನ್ ಮಾಡಿದರು.

ಅಪ್ಪ ಕಾರು ನಿಂತಿದ್ದ ಜಾಗವನ್ನು ಸುತ್ತು ಹಾಕಿ, ನನ್ನ ಕಡೆ ತಿರುಗಿ, ಒಂದು ಹನಿಯೂ ಇಲ್ಲ ಎಂದರು. ಬಸ್ ನಿಲ್ದಾಣದಲ್ಲಿ ಮತ್ತೊಮ್ಮೆ ಹೇಳಿದರು. ಬಸ್ಸಿನಲ್ಲಿ ನಮ್ಮ ಪಕ್ಕದ ಕಿಟಕಿ ತೆರೆದೇ ಇತ್ತು. ಧೂಳು ಬರುತ್ತಿತ್ತು, ಕಾಗದದ ಸುರುಳಿ ಪಟಪಟ ಬಡಿದುಕೊಳ್ಳುತ್ತಿತ್ತು. ಅಪ್ಪ ಎರಡು ಸಲ ಅದರ ಕಡೆ ನೋಡಿದರು. ಮುಚ್ಚಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಮೇಲಿನ ದೂರನ್ನು ಮುಕ್ಕಾಲು ಪಾಲು ಹಿಂತೆಗೆದುಕೊಳ್ಳುತ್ತೇನೆ. ಉಳಿದ ಕಾಲು ಪಾಲು ಯಾಕೆಂದರೆ, ಅಷ್ಟು ದೊಡ್ಡ ತುಟಿ ಇಟ್ಟುಕೊಂಡು ತಾವು ಒಂದು ಮಾತು ಆಡಿದ್ದರೆ ಇಷ್ಟೆಲ್ಲಾ ಆಗುತ್ತಿರಲಿಲ್ಲ. ಬೆಕ್ಕು ಬಾತುಕೋಳಿ ಬಿಡಿಸುವ ಬದಲು ಒಂದು ಬಿರಡೆ ಬಿಡಿಸಿದ್ದರೆ ಸಾಕಿತ್ತು. ತಮಗೆ ಪರಿಹಾರವಾಗಿ ಅಮ್ಮ ತಮ್ಮನ್ನು ಗಾಜಿನ ಡಬ್ಬಿಯಿಂದ ಬಿಡುಗಡೆ ಮಾಡಿ, ಸೋಪು ಹಾಕಿ ತೊಳೆದು, ಕಾರಿನ ಕೀಲಿಗೆ ಪೋಣಿಸಿಕೊಂಡಿದ್ದಾರೆ. ಈಗ ತಾವು ಊರೆಲ್ಲಾ ಸುತ್ತುತ್ತಿದ್ದೀರಿ. ಅಷ್ಟು ತೊಳೆದರೂ ಅಮ್ಮನ ಕೈಚೀಲದ ಒಳಬಟ್ಟೆಯ ಮೇಲೆ ನಿನ್ನೆ ಒಂದು ಸಣ್ಣ ಬಾತುಕೋಳಿ ಕಾಣಿಸಿಕೊಂಡಿದೆ. ಕಲೆ ಬಿಡುವುದಿಲ್ಲ ಎಂದು ಸುಮ್ಮನಿದ್ದೇನೆ.

ಈಗ ತಮ್ಮ ಜಾಗದಲ್ಲಿ ಕುಳಿತಿರುವವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ, ಬಿಡುವಾದಾಗ ಬುದ್ಧಿವಾದವನ್ನೂ ಹೇಳಬೇಕಾಗಿ ಕೋರುತ್ತಾ,

ತಮ್ಮ ವಿಶ್ವಾಸಿ,
ಸೀಮೆಸುಣ್ಣದ ಸಮೇತ,
ಅಮ್ಮ ‘ಕೋತಿ’ ಎಂದು ಕರೆಯುವ, ಮನೆಯ ಏಕೈಕ ಕಲಾವಿಮರ್ಶಕ ಪ್ರಾಣಿ

ತಾಜಾ ಕಲಂ: ಇದು ಬಹಿರಂಗ ಪತ್ರವಾದ್ದರಿಂದ ಲಕೋಟೆಯ ಬಾಯಿ ತೆರೆದಿಟ್ಟು, ಮೇಜಿನ ಮೇಲೆ ಬಿಟ್ಟು, ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಲಕೋಟೆ ಅಂಟಿದೆ. ಬರೀ ಗೋಂದಲ್ಲ, ಮೇಲೆ ಟೇಪು ಕೂಡ. ಹರಿದು ತೆಗೆದು ಈ ಸಾಲು ಸೇರಿಸಿ ಕಾಂಪೌಂಡಿನ ಗೋಡೆಗೆ ಹಚ್ಚುತ್ತಿದ್ದೇನೆ. ಒಳಗೆ ಪತ್ರದ ಜೊತೆ ಇನ್ನೊಂದು ವಸ್ತುವೂ ಸಿಕ್ಕಿತು: ಬೂದು ಬಣ್ಣದ ರಬ್ಬರಿನ ಬಿರಡೆ. ಅದು ನನ್ನ ಬಾಯಿಯ ಅಳತೆಯದಲ್ಲ ಎಂದು ಸಂಬಂಧಪಟ್ಟವರಿಗೆ ಸವಿನಯವಾಗಿ ತಿಳಿಸುತ್ತೇನೆ.